ಯಾರನ್ನೂ ಕೇಳದೆ ಮಲಗುವ ನೆಲ

ಡೊಂಬಿವಲಿ ಪೂರ್ವ

ನನ್ನ ಗಂಡ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಡೊಂಬಿವಲಿ, ಕಲ್ಯಾಣ ಕಡೆಯ ಓದುಗರಿಗೆ ಇಷ್ಟು ಹೇಳಿದರೆ ಸಾಕು, ನನ್ನ ಸ್ಕಾಟ್ಲೆಂಡ್ ಪ್ರವಾಸ ಹೇಗಾಗಿರಬಹುದೆಂದು ಅವರೇ ಊಹಿಸಿ ನಿಟ್ಟುಸಿರು ಬಿಟ್ಟಾರು. ಉಳಿದವರಿಗಾಗಿ ವಿವರವಾಗಿ ಬರೆಯುತ್ತೇನೆ.

ನಮ್ಮ ಕಟ್ಟಡದಲ್ಲಿ ಗೋಡೆಗೆ ದೊಡ್ಡ ಮೊಳೆ ಹೊಡೆಯಬೇಕಾದರೆ ಇವರನ್ನು ಕೇಳಬೇಕು. ಲಿಫ್ಟಿನಲ್ಲಿ ಕಪಾಟು ಸಾಗಿಸಲು ಕೇಳಬೇಕು. ಟೆರೇಸಿನಲ್ಲಿ ಹಪ್ಪಳ ಒಣಗಿಸಲು ಕೀಲಿಕೈ ಕೇಳಬೇಕು. ಹಾಗೆಂದು ವಾಸುದೇವರಾಯರು ದರ್ಪದ ಮನುಷ್ಯರಲ್ಲ. ಬೇರೆಯವರು ತಮ್ಮನ್ನು ಕೇಳುವುದಕ್ಕಿಂತ ಹೆಚ್ಚಾಗಿ ತಾವೇ ಬೇರೆಯವರನ್ನು ಕೇಳುತ್ತಿರುತ್ತಾರೆ. ಲೋಕಲ್ ಟ್ರೇನಿನಲ್ಲಿ ಖಾಲಿ ಸೀಟು ಕಣ್ಣೆದುರಿಗೇ ಇದ್ದರೂ ಪಕ್ಕದವನನ್ನು "ಬೈಠೂ ಕ್ಯಾ?" ಎಂದು ಕೇಳುತ್ತಾರೆ, ಅವನು ತಲೆಯಾಡಿಸುವಷ್ಟರಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಸ್ಟೇಷನ್ನಿನ ಹತ್ತಿರ ನಮ್ಮದೇ ಒಂದು ಸಣ್ಣ ಹೋಟೆಲು ಇದೆ. ಅಲ್ಲಿಯೂ ಊಟದ ಹೊತ್ತಿಗೆ ಇವರು ಖಾಲಿ ಮೇಜಿಗೆ ಕೂರುವ ಮೊದಲು ಮಾಣಿಯ ಮುಖ ನೋಡುತ್ತಾರೆ. ನಾನು ರೇಗಿದರೆ ಯಾವಾಗಲೂ ಒಂದೇ ಉತ್ತರ: "ಕೇಳಿದ್ರೆ ಎಂತ ಹೋಗ್ತದೆ ಮಾರಾಯ್ತಿ?"

ಏನು ಹೋಗುತ್ತದೆ ಎಂಬುದು ನನಗೆ ಆ ವರ್ಷ ಗೊತ್ತಾಯಿತು.

ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿಯೇ. ಕಾಲೇಜಿನ ದಿನಗಳಲ್ಲಿ ಗೆಳತಿಯರ ಗುಂಪು ಕಟ್ಟಿಕೊಂಡು ಸಹ್ಯಾದ್ರಿಯ ಕೋಟೆಗಳನ್ನು ಹತ್ತುತ್ತಿದ್ದೆ. ಶನಿವಾರ ಸಂಜೆ ಕರ್ಜತ್ ಲೋಕಲ್ ಹಿಡಿಯುವುದು, ಕೋಟೆಯ ಗುಹೆಯಲ್ಲೋ ಬಯಲಿನಲ್ಲೋ ಒಂದು ಸತ್ತರಂಜಿ ಹಾಸಿ ಮಲಗುವುದು, ಬೆಳಿಗ್ಗೆ ಇಬ್ಬನಿಯಲ್ಲಿ ಒದ್ದೆಯಾಗಿ ಏಳುವುದು. ಮದುವೆಯಾಯಿತು, ಅತ್ತೆಯವರು ಬಂದರು, ಹೋಟೆಲು ಬಂತು, ಮಗಳು ಬಂದಳು. ಒಂದೂವರೆ ಖೋಲಿಯ ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗುತ್ತ ವರ್ಷಗಳು ಹೋದದ್ದೇ ತಿಳಿಯಲಿಲ್ಲ. ಮಗಳು ಮದುವೆಯಾಗಿ ಐರೋಲಿಗೆ ಹೋದ ಮೇಲೆ, ಇನ್ನಾದರೂ ಒಂದು ಸಲ ಬೆಟ್ಟಕ್ಕೆ ಹೋಗೋಣ ಎನ್ನುವಷ್ಟರಲ್ಲಿ ಮಂಡಿಗಳು ಕೈಕೊಟ್ಟವು. ಥಾಣೆಯ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಎರಡೂ ಮಂಡಿ ಬದಲಿಸಬೇಕೆಂದರು. ಮಳೆಗಾಲ ಮುಗಿದ ಮೇಲೆ ಆಪರೇಷನ್ ಎಂದು ಗೊತ್ತುಮಾಡಿದರು. ಆಮೇಲೆ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆದರೆ ನೆಲದ ಮೇಲೆ ಕೂರುವುದು, ಮಲಗುವುದು ಮಾತ್ರ ಮರೆತುಬಿಡಿ ಎಂದರು.

ಡಾಕ್ಟರು ಬೇರೇನೋ ಹೇಳುತ್ತಲೇ ಇದ್ದರು. ನನ್ನ ಕಿವಿಗೆ ಬಿದ್ದದ್ದು ಅದೊಂದೇ. ಇನ್ನೊಂದು ಸಲ, ಒಂದೇ ಒಂದು ಸಲ, ಬಯಲಿನಲ್ಲಿ ನೆಲಕ್ಕೆ ಬೆನ್ನು ಹಚ್ಚಿ ಮಲಗಬೇಕು ಎಂದು ನಾನು ಹಟ ಹಿಡಿದದ್ದು ಆ ದಿನವೇ.

ಮೊದಲು ಕೇಳಿದ್ದು ನಮ್ಮ ಕಟ್ಟಡದ ಟೆರೇಸು. ಅದರ ಕೀಲಿಕೈ ನಮ್ಮ ದೇವರ ಗೂಡಿನ ಪಕ್ಕದಲ್ಲೇ ನೇತಾಡುತ್ತದೆ. "ನಾನೇ ಸೆಕ್ರೆಟರಿ, ನನ್ನ ಹೆಂಡತಿಯೇ ಮಲಗಿದ್ರೆ ನಾಳೆ ಎಲ್ಲರೂ ಕೇಳ್ತಾರೆ. ಕಮಿಟಿ ಮೀಟಿಂಗಿನಲ್ಲಿ ಇಡುವ," ಎಂದರು ಇವರು. ಇಟ್ಟರು ಕೂಡ. ಚೇರ್ಮನ್ನರು ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಥಾಣೆಯ ಯೇವೂರು ಬೆಟ್ಟಕ್ಕೆ ಹೋದೆವು. ಇವರು ಗೇಟಿನಲ್ಲೇ ನಿಂತು ರಾತ್ರಿ ಮಲಗಬಹುದೇ ಎಂದು ಕೇಳಿ ಗಾರ್ಡನನ್ನು ದಿಗಿಲುಗೊಳಿಸಿದರು. ಚಿರತೆ ಓಡಾಡುವ ಕಾಡು, ಅವನು ಬೇಡ ಎಂದದ್ದು ಸರಿಯೇ. ಖಾರಘರ್ ಗುಡ್ಡದಲ್ಲಿಯೂ ಅದೇ ಪಾಡು, ಅಲ್ಲಿ ರಾತ್ರಿ ನಿಲ್ಲಬಾರದೆಂದು ಬೋರ್ಡೇ ಇತ್ತು. ಭಿವಂಡಿಯ ಆಚೆ ಒಂದು ಹೊಲ ತೋರಿಸಿದ ಪರಿಚಯದವರು, ಅಲ್ಲಿ ಗೋದಾಮು ಏಳುತ್ತಿದೆ ಎಂದು ಮಾರನೆಯ ವಾರ ಫೋನು ಮಾಡಿದರು.

ಕೊನೆಗೆ ಗ್ಲಾಸ್ಗೋದಿಂದ ನನ್ನ ತಮ್ಮ ಗಣೇಶನ ಫೋನು ಬಂತು. ಅವನು ಅಲ್ಲಿ ಒಂದು ಭಾರತೀಯ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಾನೆ. "ಅಕ್ಕ, ಈ ಊರಿನಲ್ಲಿ ಗುಡ್ಡದ ಮೇಲೆ ಟೆಂಟು ಹಾಕ್ಲಿಕ್ಕೆ ಯಾರನ್ನೂ ಕೇಳ್ಲಿಕ್ಕಿಲ್ಲ. ಕಾನೂನೇ ಹಾಗೆ ಉಂಟು. ನೀನು ಬಾ," ಎಂದ.

ಹೊರಡುವ ದಿನ ನಮ್ಮ ವಾಚ್‌ಮನ್ ಶರಣಪ್ಪ ಚೀಲಗಳನ್ನು ಟ್ಯಾಕ್ಸಿಗೆ ಇಡುತ್ತ, ಎಲ್ಲಿಗೆ ಪಯಣ ಎಂದು ಕೇಳಿದ. ಹೇಳಿದೆ. ಕಲಬುರಗಿ ಕಡೆಯ ಆ ಮನುಷ್ಯ ಚೀಲ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. "ಅಕ್ಕಾರ, ಬಯಲಾಗ ಮಕ್ಕೊಳ್ಳಾಕ ಇಮಾನ ಹತ್ತತೀರೇನ್ರಿ? ನಾವು ಊರಾಗ ದಿನಾ ಹೊರಗ ಮಕ್ಕೊಂತಿದ್ವಿ. ಒಳಗ ಮಕ್ಕೊಳ್ಳಾಕ ಈ ಊರಿಗಿ ಬಂದ್ವಿ." ಅವನು ಕೆಳಗಿಟ್ಟ ಚೀಲವನ್ನು ನಾನೇ ಒಳಗೆ ಹಾಕಿ ಟ್ಯಾಕ್ಸಿ ಹತ್ತಿದೆ.

ಗ್ಲಾಸ್ಗೋ

ಗಣೇಶ ತನ್ನ ಗೆಳೆಯನ ಟೆಂಟು, ಎರಡು ಮಲಗುವ ಚೀಲ, ಒಂದು ಪುಟ್ಟ ಒಲೆ ಎಲ್ಲ ಕೂಡಿಸಿ ಇಟ್ಟಿದ್ದ. ಊಟ ಬಡಿಸುತ್ತ ಭಾವನಿಗೆ ಕಾನೂನು ವಿವರಿಸಿದ. ಬೆಟ್ಟ, ಬಯಲು, ಕಡಲ ದಂಡೆ, ಯಾರ ಹೆಸರಿನಲ್ಲಿದ್ದರೂ ಚಿಂತೆಯಿಲ್ಲ. ಬೆಳೆ ಇರುವ ಹೊಲ ಬೇಡ, ಮನೆಯ ಅಂಗಳದ ಹತ್ತಿರ ಬೇಡ, ಕಸ ಬಿಡಬಾರದು. ಅಷ್ಟು ನೋಡಿಕೊಂಡರೆ ಒಂದೆರಡು ರಾತ್ರಿ ಟೆಂಟು ಹಾಕಿ ಮಲಗಿ ಎದ್ದು ಹೋಗಬಹುದು.

"ಬರೆದು ಕೊಡುವವರು ಯಾರು?" ಎಂದರು ಇವರು.

"ಯಾರೂ ಇಲ್ಲ ಭಾವ."

"ಮತ್ತೆ ನಾಳೆ ಯಾರಾದ್ರೂ ಬಂದು ಕೇಳಿದ್ರೆ ಎಂತ ತೋರಿಸುವುದು?"

"ಎಂತದ್ದೂ ತೋರಿಸ್ಲಿಕ್ಕಿಲ್ಲ. ಯಾರೂ ಕೇಳುವುದೂ ಇಲ್ಲ."

ಇವರು ಸಾರನ್ನ ಕಲಸುವುದನ್ನು ನಿಲ್ಲಿಸಿದರು. ಒಂದು ದೇಶ ಹೀಗೆ ನಡೆಯಲು ಸಾಧ್ಯವೇ ಇಲ್ಲ, ಎಲ್ಲೋ ಯಾರೋ ಒಬ್ಬ ಸೆಕ್ರೆಟರಿ ಇದ್ದೇ ಇರುತ್ತಾನೆ, ಗಣೇಶನಿಗೆ ಗೊತ್ತಿಲ್ಲ ಅಷ್ಟೇ ಎಂಬುದು ಇವರ ಮುಖದಲ್ಲಿ ಬರೆದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನನ್ನ ಪೂಜಾರಿ ನನ್ನ ಜೊತೆಗೇ ವಿಮಾನ ಹತ್ತಿ ಬಂದಿದ್ದರು.

ಲೋಮಂಡ್ ಸರೋವರ

ಮೊದಲ ದಿನದ ತಪ್ಪು ಮಾತ್ರ ಇವರದಲ್ಲ, ಗಣೇಶನದು. ಹತ್ತಿರವೆಂದು ಅವನು ನಮ್ಮನ್ನು ಲೋಮಂಡ್ ಸರೋವರದ ಪೂರ್ವ ದಂಡೆಗೆ ಬಸ್ಸು ಹತ್ತಿಸಿದ. ನೀರು ಎಷ್ಟು ತಿಳಿಯಾಗಿತ್ತೆಂದರೆ ಇಳಿದ ಕೂಡಲೇ ನನ್ನ ಮಂಡಿ ನೋವು ಮರೆತುಹೋಯಿತು. ಮರಗಳ ಕೆಳಗೆ ಮೆತ್ತನೆಯ ಹುಲ್ಲು. ನಾನು ಚೀಲ ಇಳಿಸಿ ಕೂರುವಷ್ಟರಲ್ಲಿ ಇವರು ಒಂದು ಕಂಬದ ಮುಂದೆ ನಿಂತು, ಕನ್ನಡಕ ಮೇಲೆತ್ತಿ ಓದುತ್ತಿದ್ದರು.

"ಸುಮತಿ, ಇಲ್ಲಿ ಬೋರ್ಡು ಉಂಟು," ಎಂದರು. ದನಿಯಲ್ಲಿ ಅದೆಂಥ ಸಂತೋಷ!

ದೇಶವೆಲ್ಲ ಬಿಟ್ಟು, ಬೇಸಿಗೆಯಲ್ಲಿ ಟೆಂಟು ಹಾಕಬಾರದೆಂದು ವಿಶೇಷವಾಗಿ ತಡೆದಿರುವ ಅಪರೂಪದ ದಂಡೆ ಅದು. ಹಿಂದೆ ಬಂದವರು ಕುಡಿದು ಬಾಟಲಿ ಎಸೆದು ಮರ ಕಡಿದು ಹಾಳು ಮಾಡಿದ್ದರಂತೆ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬ ಹಾಗೆ, ಖಾರಘರ್‌ನಲ್ಲಿ ಬಿಟ್ಟು ಬಂದ ಬೋರ್ಡು ಇಲ್ಲಿ ನನಗಾಗಿ ಕಾದಿತ್ತು. ಇವರು ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು. "ಎಷ್ಟು ಚಂದ ಬರೆದಿದ್ದಾರೆ ನೋಡು, ಕಾರಣ ಸಮೇತ," ಎಂದು ಮೆಚ್ಚಿಕೊಂಡು ಫೋಟೊ ತೆಗೆದುಕೊಂಡರು. ಪ್ರವಾಸದಲ್ಲಿ ಇವರು ತೆಗೆದ ಮೊದಲ ಫೋಟೊ ಅದು. ಸರೋವರ ಅದರ ಮೂಲೆಯಲ್ಲಿ ಒಂಚೂರು ಕಾಣುತ್ತದೆ.

ಆ ರಾತ್ರಿ ಮತ್ತೆ ಗಣೇಶನ ಮನೆಯ ಸೋಫಾ. ತಪ್ಪೊಪ್ಪಿಕೊಂಡ ತಮ್ಮ ಮರುದಿನ ಉತ್ತರದ ಟ್ರೇನು ಹತ್ತಿಸಿದ. ಇನ್ನು ಮುಂದೆ ಎಲ್ಲೆಲ್ಲೂ ಹಾಕಬಹುದು, ಬೋರ್ಡಿಲ್ಲದ ಕಡೆ ಇಳಿಯಿರಿ ಸಾಕು ಎಂದ.

ಓರ್ಕಿ ಸೇತುವೆ

ಆ ಟ್ರೇನಿನ ಬಗ್ಗೆ ಒಂದು ಮಾತು. ಡಬ್ಬಿಯಲ್ಲಿ ಹತ್ತಾರು ಜನರಿದ್ದರು, ಅಷ್ಟೇ. ಕೂತವರು ಕಿಟಕಿಯ ಹೊರಗೆ ನೋಡುತ್ತಿದ್ದರು, ಸೀಟಿಗಾಗಿ ಯಾರೂ ಯಾರನ್ನೂ "ಕುಠೇ ಉತರಣಾರ್?", ಎಲ್ಲಿ ಇಳಿಯುತ್ತೀರಿ ಎಂದು ಕೇಳಲಿಲ್ಲ. ಅಭ್ಯಾಸಬಲ, ನಾನು ಎರಡು ಸ್ಟೇಷನ್ ಮೊದಲೇ ಎದ್ದು ಚೀಲ ಎದೆಗಪ್ಪಿಕೊಂಡು ಬಾಗಿಲ ಬಳಿ ನಿಂತೆ. ಟಿಕೆಟ್ ನೋಡುವ ಹೆಂಗಸು ಬಂದು, ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಿದಳು.

ಇಳಿದದ್ದು ಓರ್ಕಿ ಸೇತುವೆ ಎಂಬ ಪುಟ್ಟ ಸ್ಟೇಷನ್ನಿನಲ್ಲಿ. ಸುತ್ತ ಬೋಳು ಗುಡ್ಡಗಳು, ಮಧ್ಯೆ ಹೊಳೆ, ಹೊಳೆಯ ಬದಿಗೆ ಸಮತಟ್ಟಾದ ಹುಲ್ಲು, ಅಲ್ಲಲ್ಲಿ ಕುರಿಗಳು. ಬೋರ್ಡಿಲ್ಲ, ಬೇಲಿಯಿಲ್ಲ. ಕೋಲೂರಿಕೊಂಡು ನಡೆದು ಒಂದು ಜಾಗ ಆರಿಸಿದೆ. "ಇಲ್ಲೇ," ಎಂದೆ. ಇವರು ಟೆಂಟಿನ ಚೀಲವನ್ನು ಬೆನ್ನಿನಿಂದ ಇಳಿಸಲೇ ಇಲ್ಲ.

"ಕುರಿ ಉಂಟಲ್ಲ. ಕುರಿಗೆ ಮಾಲಕ ಇರ್ತಾನಲ್ಲ," ಎಂದರು.

"ಕುರಿಯ ಹಾಸಿಗೆಯಲ್ಲಿ ನಾವು ಮಲಗುವುದಿಲ್ಲ ಮಾರಾಯ್ರೇ. ಗಣೇಶ ಹೇಳಿದ್ದು ಕೇಳಿಸ್ಲಿಲ್ವಾ?"

"ಅಲ್ಲಿ ಒಂದು ಮನೆ ಕಾಣ್ತದೆ. ಒಂದು ಮಾತು ಹೇಳಿ ಬರ್ತೇನೆ. ಕೇಳಿದ್ರೆ ಎಂತ ಹೋಗ್ತದೆ?"

ಹೋದರು. ದೂರದಿಂದ ನೋಡುತ್ತಿದ್ದೆ. ಬಾಗಿಲು ತೆರೆಯಿತು, ಕೆಂಪು ಕೆನ್ನೆಯ ದಪ್ಪನೆಯ ಹೆಂಗಸೊಬ್ಬಳು ಹೊರಗೆ ಬಂದಳು. ಇವರು ಕೈಮುಗಿದು ಏನೋ ಹೇಳಿದರು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದಳು, ನನ್ನ ಕೋಲು ನೋಡಿದಳು, ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆ ಕೈ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಕೆಟ್ಟೆವು ಎಂದು.

ಆ ದೇಶದ ಜನ ಹಾಗೆಲ್ಲ ಬಾಗಿಲು ತಟ್ಟಿ ಮಲಗಲು ಜಾಗ ಕೇಳುವುದಿಲ್ಲ. ಟೆಂಟು ಹಾಕುವವರು ಸುಮ್ಮನೆ ಹಾಕುತ್ತಾರೆ. ಬಾಗಿಲಿಗೆ ಬಂದು, ಕೈಮುಗಿದು, ಇಲ್ಲಿ ಒಂದು ರಾತ್ರಿ ಮಲಗಬಹುದೇ ಎಂದು ಕೇಳಿದರೆ ದಿಕ್ಕೆಟ್ಟವರು ಎಂದೇ ಅರ್ಥ. ಆ ತಾಯಿ ತಾನೇ ಓಡಿಬಂದು ನನ್ನ ಚೀಲ ಕಿತ್ತುಕೊಂಡಳು. ಈ ಮಂಡಿಯಲ್ಲಿ, ಈ ಚಳಿಯಲ್ಲಿ, ಹೊರಗೆ ಮಲಗುವುದೆಂದರೇನು ಎಂದು ನನ್ನ ಗಂಡನನ್ನು ಸಣ್ಣಗೆ ಗದರಿದಳು. ಟೆಂಟಿನಲ್ಲಿ ಮಲಗುವುದು ನನ್ನದೇ ಆಸೆ ಎಂದು ನಾನು ಇಂಗ್ಲಿಷಿನಲ್ಲಿ ಎಷ್ಟು ಹೇಳಿದರೂ, ಗಂಡನ ಮಾನ ಕಾಪಾಡುತ್ತಿದ್ದಾಳೆ ಪಾಪ ಎಂಬಂತೆ ನನ್ನ ಭುಜ ತಟ್ಟಿದಳು.

ಆಮೇಲೆ ಚಹಾ. ಆಮೇಲೆ ಬೆಣ್ಣೆ ಹಚ್ಚಿದ ಬ್ರೆಡ್ಡು, ಮನೆಯ ಜಾಮು. ನಾವು ಮಾಂಸ ತಿನ್ನುವುದಿಲ್ಲವೆಂದು ತಿಳಿದು ಆಲೂಗಡ್ಡೆಯ ಸೂಪು ಬೇರೆ ಮಾಡಿದಳು. ಮದುವೆಯಾಗಿ ಹೋದ ಮಗಳ ಕೋಣೆ ತೆರೆದು, ಹೂವಿನ ಹೊದಿಕೆಯ ಮಂಚ ತೋರಿಸಿದಳು. ಆ ಮಂಚ ಎಷ್ಟು ಮೆತ್ತಗಿತ್ತೆಂದರೆ ಮಲಗಿದವಳು ಅರ್ಧ ಮುಳುಗಿಹೋದೆ. ಕಿಟಕಿಯ ಗಾಜಿನ ಆಚೆ ನಾನು ಆರಿಸಿದ ಹುಲ್ಲುಜಾಗ ಕಾಣುತ್ತಿತ್ತು. ಅಲ್ಲಿ ಒಂದು ಕುರಿ ಮಲಗಿತ್ತು. ಕುರಿಗಿದ್ದ ಭಾಗ್ಯ ನನಗಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

"ಎಂಥ ಒಳ್ಳೆಯ ಜನ," ಎಂದು ಇವರು ಆಕಳಿಸಿದರು. "ನಮ್ಮಲ್ಲಿ ಯಾರಾದ್ರೂ ಗುರ್ತಿಲ್ಲದವರನ್ನು ಹೀಗೆ ಒಳಗೆ ಕರೀತಾರಾ?"

ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಫೋರ್ಟ್ ವಿಲಿಯಂ

ಮಾರನೆಯ ದಿನ ಟ್ರೇನಿನಲ್ಲಿ ಮಾತುಕತೆ ಅಷ್ಟಾಗಿ ನಡೆಯಲಿಲ್ಲ. ನಡೆದದ್ದು ಒಂದೇ ವಿಷಯ: ಇವತ್ತು ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲವೆಂದು ಇವರಿಂದ ಭಾಷೆ ತೆಗೆದುಕೊಂಡೆ. ಇವರು ಭಾಷೆ ಉಳಿಸಿಕೊಂಡರು. ಮನೆಯ ಬಾಗಿಲು ತಟ್ಟಲಿಲ್ಲ. ಫೋರ್ಟ್ ವಿಲಿಯಂ ಊರಿನ ಹೊರಗೆ, ಬೆಟ್ಟದ ದಾರಿಯಲ್ಲಿ ಹೋಗುತ್ತಿದ್ದಾಗ ಎದುರಿಗೆ ಬಂದ ಸಮವಸ್ತ್ರದ ಮನುಷ್ಯನನ್ನು ನಿಲ್ಲಿಸಿದರು. ಅವನು ಪೋಸ್ಟ್‌ಮನ್.

ಪಾಪ, ಪೋಸ್ಟ್‌ಮನ್ನಿಗೆ ಟೆಂಟಿನ ಕಾನೂನು ಏನು ಗೊತ್ತು? ಕೇಳಿದವರಿಗೆ ಉಪಕಾರ ಮಾಡಬೇಕೆಂಬ ಒಳ್ಳೆಯ ಬುದ್ಧಿಯಿಂದ ಅವನು, ಟೆಂಟು ಹಾಕಲು ಇದೇ ರಸ್ತೆಯಲ್ಲಿ ಒಂದು ಚಂದದ ಜಾಗವಿದೆ, ಅಲ್ಲಿ ಆಫೀಸಿದೆ, ವಿಚಾರಿಸಿ ಎಂದ. ಆಫೀಸು ಎಂಬ ಶಬ್ದ ಕೇಳಿದ್ದೇ ತಡ, ಇವರ ನಡಿಗೆಗೆ ಹೊಸ ಶಕ್ತಿ ಬಂತು. ನಾನು ಹಿಂದಿನಿಂದ ಕೋಲೂರುತ್ತ "ನಿಲ್ಲಿ, ಅದು ಬೇರೆ, ಅದು ದುಡ್ಡು ಕೊಟ್ಟು ಇರುವ ಜಾಗ!" ಎಂದು ಕೂಗಿದ್ದು ಗಾಳಿಗೆ ಹೋಯಿತು.

ಅದು ಕ್ಯಾಂಪಿನ ಜಾಗವಂತೆ. ನನ್ನ ಕಣ್ಣಿಗೆ ಕಂಡದ್ದು ನಮ್ಮ ಎಂಐಡಿಸಿಯ ಕಾರ್ಖಾನೆ ಪ್ಲಾಟುಗಳು. ಸಾಲು ಸಾಲಾಗಿ ಗೆರೆ ಎಳೆದ ಚೌಕಗಳು, ಪ್ರತಿಯೊಂದಕ್ಕೂ ನಂಬರು. ಮನೆಯಷ್ಟು ದೊಡ್ಡ ಗಾಡಿಗಳನ್ನು ತಂದು ನಿಲ್ಲಿಸಿ, ಅವುಗಳ ಮುಂದೆ ಕುರ್ಚಿ ಹಾಕಿ, ಜನ ಎದುರಿನ ಗಾಡಿಯನ್ನು ನೋಡುತ್ತ ಕೂತಿದ್ದರು. ಒಳಗೆ ಟೀವಿ. ಬಾಗಿಲಲ್ಲೇ ಒಂದು ಎತ್ತರದ ಬೋರ್ಡಿನಲ್ಲಿ ನಿಯಮಗಳು: ಇಷ್ಟು ಹೊತ್ತಿನ ಮೇಲೆ ಗದ್ದಲ ಬೇಡ, ನಾಯಿಗೆ ಹಗ್ಗ ಕಟ್ಟಿ, ಕಸ ಬೇರೆ ಬೇರೆ ಡಬ್ಬಿಗೆ ಹಾಕಿ. ಇವರು ಆ ಬೋರ್ಡಿನ ಮುಂದೆ, ಊರಿನ ಗುಡಿಗೆ ಬಂದವರ ಹಾಗೆ ನಿಂತುಬಿಟ್ಟರು.

"ಇದನ್ನು ನಮ್ಮ ಗೇಟಿನಲ್ಲಿ ಹಾಕ್ಬೇಕು ಸುಮತಿ. ಮರಾಠಿಯಲ್ಲಿ ಮಾಡಿಸಿ."

ಆಫೀಸಿನ ಹುಡುಗಿ ನಗುನಗುತ್ತ, ಟೆಂಟಿನ ಚೌಕಗಳೆಲ್ಲ ತುಂಬಿವೆ, ಒಂದು ಮರದ ಗೂಡು ಮಾತ್ರ ಖಾಲಿ ಇದೆ ಎಂದಳು. ನಾನು ಬೇಡವೆನ್ನುವ ಮೊದಲೇ ಇವರು ರಸೀದಿ ಕಿಸೆಗೆ ಹಾಕಿಕೊಂಡಿದ್ದರು. ರಸೀದಿ ಕಿಸೆಗೆ ಬಿದ್ದ ಮೇಲೆ ಇವರ ಮುಖದಲ್ಲಿ ಮೂಡಿದ ಶಾಂತಿಯನ್ನು ನಾನು ಮಗಳ ಮದುವೆಯ ಮಾರನೆಯ ದಿನವೂ ನೋಡಿರಲಿಲ್ಲ. ಮರದ ಗೂಡಿನಲ್ಲಿ ಎರಡು ಮಂಚ, ಒಂದು ದೀಪ, ಒಂದು ಹೀಟರು. ಗೋಡೆಯ ಆಚೆ ಯಾರೋ ಫುಟ್‌ಬಾಲ್ ನೋಡುತ್ತ ಕೂಗುತ್ತಿದ್ದರು. ಟೆಂಟು ಚೀಲದಲ್ಲೇ ಉಳಿಯಿತು. ನಾನು ಕಡಲು, ಖಂಡ ದಾಟಿ ಬಂದು ಮತ್ತೆ ಮಂಚದ ಮೇಲೆ, ಪಕ್ಕದ ಮನೆಯ ಟೀವಿ ಕೇಳುತ್ತ ಮಲಗಿದೆ. ಇದಕ್ಕೆ ಡೊಂಬಿವಲಿಯೇ ಸಾಕಿತ್ತಲ್ಲ.

ಮೋರಾರ್

ಉಳಿದದ್ದು ಒಂದೇ ರಾತ್ರಿ. ಮರುದಿನ ಬೆಳಗಿನ ಟ್ರೇನಿಗೆ ಗ್ಲಾಸ್ಗೋಗೆ ಮರಳಬೇಕು. ಗಣೇಶ ಅಲ್ಲಿಯ ಕನ್ನಡದವರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಕರೆದಿದ್ದ. ಅದರ ಮರುದಿನ ವಿಮಾನ. ಊರಿಗೆ ಹೋದರೆ ಮಳೆಗಾಲ, ಅದು ಮುಗಿದರೆ ಆಪರೇಷನ್.

ಮೋರಾರ್ ಎಂಬ ಕಡಲಂಚಿನ ಊರಿನಲ್ಲಿ ಇಳಿದೆವು. ನಮ್ಮ ಹಿರಿಯರ ಊರ ಕಡೆಯ ಮಲ್ಪೆ, ಕಾಪುವಿನ ಕಡಲು ನೋಡಿದವರಿಗೆ ಮರಳು ಹೊಸದಲ್ಲ. ಆದರೆ ಅಷ್ಟು ಬಿಳಿಯ ಮರಳು, ಅದರ ಮೇಲೆ ಅಷ್ಟು ಕಡಿಮೆ ಜನ, ನಾನು ಕಂಡಿರಲಿಲ್ಲ. ಒಂದು ಐಸ್‌ಕ್ಯಾಂಡಿ ಗಾಡಿಯಿಲ್ಲ, ಭೇಲ್‌ಪುರಿಯಿಲ್ಲ. ಮರಳಿನ ಮೇಲ್ಗಡೆ ಗಿಡ್ಡ ಹುಲ್ಲಿನ ದಿಬ್ಬ. ಅಲ್ಲಿ ಚೀಲ ಇಳಿಸಿದೆ. ಇವರು ಸುತ್ತ ನೋಡಲು ಶುರುಮಾಡಿದರು. ದೂರದಲ್ಲಿ ಒಂದು ಮನೆಯ ಹೊಗೆ ಕಂಡಿತು.

"ಸುಮತಿ, ಒಂದು ನಿಮಿಷ..."

ಆಗ ನನಗೆ ಬಂದ ಸಿಟ್ಟನ್ನು ಇಲ್ಲಿ ಪೂರ್ತಿ ಬರೆಯಲಾರೆ. ತುಳು, ಕನ್ನಡ, ಮರಾಠಿ ಮೂರೂ ಸಾಲಲಿಲ್ಲ. "ಒಂದು ಹೆಜ್ಜೆ ಆ ಮನೆಯ ಕಡೆ ಇಟ್ರೆ ನಾನು ಒಬ್ಬಳೇ ಇಲ್ಲಿ ಮಲಗ್ತೇನೆ, ನೀವು ಅವರ ಮಂಚದಲ್ಲಿ ಮಲಗಿ! ಇನ್ನು ಈ ಜನ್ಮದಲ್ಲಿ ನಾನು ನೆಲದಲ್ಲಿ ಮಲಗ್ಲಿಕ್ಕಿಲ್ಲ. ನಿಮಗೆ ಗೊತ್ತುಂಟು. ಗೊತ್ತಿದ್ದೂ ಎಲ್ಲ ರಾತ್ರಿ ನೀವೇ ಹಾಳು ಮಾಡಿದ್ದು. ಆ ಟೆರೇಸಿನಿಂದ ಹಿಡಿದು! ನನಗೆ ಬೇಕಾದ ಒಂದನ್ನು ನೀವು ಊರವರನ್ನೆಲ್ಲ ಕೇಳಿದ್ರಿ, ನನ್ನನ್ನು ಕೇಳಿದ್ರಾ?"

ಕೂಗಿ ಕೂಗಿ ಅಳು ಬಂತು. ಕಡಲ ಹಕ್ಕಿಗಳು ಹಾರಿಹೋದವು. ಇವರು ಟೆಂಟಿನ ಚೀಲ ಬಿಚ್ಚಿ ಕಂಬಿಗಳನ್ನು ಜೋಡಿಸತೊಡಗಿದರು. ಗೂಟಗಳನ್ನು ಪೂರ್ತಿ ಹೊಡೆಯದೆ, ಬೇಗ ಕೀಳಲು ಬರುವಂತೆ ಅರ್ಧವೇ ಹೊಡೆದರು. ನಾನು ಕಣ್ಣೊರೆಸಿಕೊಂಡು ಹೋಗಿ ಒಂದು ಕಲ್ಲಿನಿಂದ ಎಲ್ಲವನ್ನೂ ಬುಡದವರೆಗೆ ಹೊಡೆದೆ.

ಟೆಂಟು ಎದ್ದು ನಿಂತಿತ್ತು. ಅಷ್ಟರಲ್ಲಿ ದಂಡೆಯ ಉದ್ದಕ್ಕೆ ಒಬ್ಬ ಮುದುಕ ನಾಯಿಯ ಜೊತೆ ನಡೆದು ಬಂದ. ಇವರು ಎದ್ದು ನಿಂತರು. ಕೈಗಳು ಮುಗಿಯಲು ಅರ್ಧ ಮೇಲೆದ್ದವು. ನಾನು ನೋಡಿದೆ. ನನ್ನ ನೋಟ ಹೇಗಿತ್ತೋ, ಇವರು ಎತ್ತಿದ ಕೈಗಳನ್ನು ಕಿಸೆಯೊಳಗೆ ತುರುಕಿಕೊಂಡರು. ಮುದುಕ ನಮ್ಮನ್ನು ನೋಡಿದ, ಟೆಂಟು ನೋಡಿದ, ಆಕಾಶ ನೋಡಿದ. ಒಳ್ಳೆಯ ಸಂಜೆ ಎಂದ. ಹೌದು, ಒಳ್ಳೆಯ ಸಂಜೆ ಎಂದೆ ನಾನು. ಸಣ್ಣಗೆ ಹನಿ ಬೀಳುತ್ತಿತ್ತು. ಆ ಊರಿನವರಿಗೆ ಅದೂ ಒಳ್ಳೆಯ ಸಂಜೆಯೇ. ಅವನು ನಾಯಿಗೆ ಸಿಳ್ಳೆ ಹಾಕಿ ಹೋದ.

"ಅವನು ಹೋಗಿ ಯಾರಿಗಾದ್ರೂ ಹೇಳ್ತಾನೆ," ಎಂದರು ಇವರು.

"ಹೇಳ್ಲಿ."

ಗಂಜಿ ಬೇಯಿಸಿ ಉಪ್ಪಿನಕಾಯಿಯ ಜೊತೆ ಉಂಡೆವು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಮುತ್ತಿ ಮುಖ ಮೈಯೆಲ್ಲ ತುರಿಸಿತು. ಜೂನ್ ತಿಂಗಳಲ್ಲಿ ಅಲ್ಲಿ ಹೊತ್ತು ಮುಳುಗುವುದೇ ಇಲ್ಲವೋ ಎಂಬಂತೆ ಬೆಳಕು ಉಳಿದಿತ್ತು. ನಾನು ಟೆಂಟಿನ ಬಾಗಿಲು ತೆರೆದು, ತಲೆ ಹೊರಗೆ ಬರುವ ಹಾಗೆ ಮಲಗಿದೆ. ಕೂರಲು ಮಂಡಿಗಳು ಚೀರಿದವು, ಒಂದು ಕೈ ಊರಿ, ಇನ್ನೊಂದು ಕೈ ಇವರ ಭುಜಕ್ಕೆ ಕೊಟ್ಟು, ಚೀಲ ಇಳಿಸುವ ಹಾಗೆ ನನ್ನನ್ನು ನಾನೇ ಇಳಿಸಿದೆ. ಬೆನ್ನು ನೆಲಕ್ಕೆ ತಾಗಿತು. ತಣ್ಣಗೆ, ಗಟ್ಟಿಯಾಗಿ, ಒಂದು ಬದಿಗೆ ಸ್ವಲ್ಪ ಇಳಿಜಾರಾಗಿ ನೆಲ ಇತ್ತು. ಹುಲ್ಲಿನ ಬೇರೊಂದು ಸೊಂಟಕ್ಕೆ ಒತ್ತುತ್ತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಮತ್ತೆ ಅಳು ಬಂತು.

ಇವರು ಮಲಗಲಿಲ್ಲ. ಟೆಂಟಿನ ಬಾಯಿಯಲ್ಲಿ ಬೂಟು ಹಾಕಿಕೊಂಡೇ ಕೂತಿದ್ದರು.

"ಬೂಟಾದ್ರೂ ತೆಗೀರಿ."

"ಯಾರಾದ್ರೂ ಬಂದು ಏಳಿ ಅಂದ್ರೆ?"

"ಯಾರು ಬರ್ತಾರೆ?"

ಇವರು ನನಗಲ್ಲ, ಕಡಲಿಗೇ ಹೇಳುವ ಹಾಗೆ ಹೇಳಿದರು. "ಹುಡುಗನಿರುವಾಗ ಊರಿನಿಂದ ಕೋಪರಿಗೆ, ಮಾಮನ ಹೋಟೆಲಿಗೆ ಕೆಲಸಕ್ಕೆ ಬಂದಾಗ ಎರಡು ಮೇಜು ಜೋಡಿಸಿ ಮಲಗ್ತಿದ್ದೆ. ನಸುಕಿಗೆ ಹಾಲಿನವ ಬರುವ ಮೊದ್ಲು ಅಡುಗೆಯ ಭಟ್ರು ಬಂದು ಮೇಜು ಅಲುಗಾಡಿಸುವವರು. ಏಳು ಏಳು, ಗಿರಾಕಿ ಬಂತು. ಆಮೇಲೆ ರೂಮು ಸಿಕ್ಕಿತು, ಪಾಳಿಯಲ್ಲಿ ಮಲಗುವುದು. ರಾತ್ರಿ ಕೆಲಸದವ ಬಂದ್ರೆ ಏಳ್ಬೇಕು, ಅವನ ಜಾಗ ಅದು. ಮದುವೆ ಆದ ಮೇಲೆ ಬಾಡಿಗೆಯ ರೂಮು. ಕರಾರು ಮುಗಿದ ದಿನ ಮಾಲಕ ಬೆಳಿಗ್ಗೆಯೇ ಬಾಗಿಲು ಬಡಿಯುವವ, ನಿನಗೂ ನೆನಪುಂಟಲ್ಲ." ಇವರು ಕೆನ್ನೆಯ ಮೇಲಿನ ನುಸಿ ಒರೆಸಿಕೊಂಡರು. "ಈಗ್ಲೂ ಮಲಗಿದ್ರೆ ಯಾರೋ ಬಂದು ಏಳು ಅಂತಾರೆ ಅಂತ ಕಾಣ್ತದೆ. ಮೊದ್ಲೇ ಕೇಳಿಟ್ರೆ ಆ ಹೆದರಿಕೆ ಇಲ್ಲ. ಅಷ್ಟೇ ಸುಮತಿ. ನಿನ್ನ ರಾತ್ರಿ ಹಾಳು ಮಾಡ್ಬೇಕು ಅಂತ ಅಲ್ಲ."

ಕೋಪರಿಯ ಹೋಟೆಲಿನಲ್ಲಿ ಇದ್ದರೆಂದು ನನಗೆ ಗೊತ್ತಿತ್ತು. ಅಲ್ಲಿಯ ಇಡ್ಲಿಯ ಬಗ್ಗೆ, ಮಾಮನ ಜಿಪುಣತನದ ಬಗ್ಗೆ ಎಷ್ಟೋ ಸಲ ಕೇಳಿದ್ದೆ. ಮಲಗುವ ವಿಷಯ ಒಂದು ದಿನವೂ ಹೇಳಿರಲಿಲ್ಲ. ನನ್ನ ಸಿಟ್ಟು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಇವರ ಮೇಲೆ ಇಟ್ಟಿದ್ದ ಸಿಟ್ಟನ್ನು ಈಗ ಎಲ್ಲಿಡುವುದೆಂದು ಮಾತ್ರ ತಿಳಿಯಲಿಲ್ಲ.

"ಬೂಟು ತೆಗೀರಿ," ಎಂದೆ. "ಯಾರಾದ್ರೂ ಬಂದ್ರೆ ನಾನು ಮಾತಾಡ್ತೇನೆ. ಜಾಗ ಆರಿಸಿದ್ದು ನಾನು."

ಇವರು ಯೋಚಿಸಿ, ಒಂದು ಬೂಟು ತೆಗೆದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನು ತೆಗೆದರು. ನಾನು ಅಲೆಗಳ ಸದ್ದು ಕೇಳುತ್ತ, ಆ ಮಂದ ಬೆಳಕಿನಲ್ಲಿ ಒಂದೆರಡು ನಕ್ಷತ್ರ ಹುಡುಕುತ್ತ ನಿದ್ದೆ ಹೋದೆ.

ಎಚ್ಚರವಾದಾಗ ಬಿಸಿಲು ಬಂದಿತ್ತು. ಹೊದ್ದದ್ದೆಲ್ಲ ಇಬ್ಬನಿಯಲ್ಲಿ ಒದ್ದೆ. ಪಕ್ಕದಲ್ಲಿ ಇವರು ಬಾಯಿ ತೆರೆದು, ಒಂದು ಕೈಯನ್ನು ಟೆಂಟಿನ ಹೊರಗೆ ಹುಲ್ಲಿನ ಮೇಲೆ ಚಾಚಿ ಮಲಗಿದ್ದರು. ನಮ್ಮ ಮನೆಯಲ್ಲಿ ಹಾಲಿನ ಪ್ಯಾಕೆಟ್ಟು ಬಾಗಿಲಿಗೆ ಬೀಳುವ ಮೊದಲೇ ಎದ್ದು ಕೂರುವ ಮನುಷ್ಯ. ಇಷ್ಟು ವರ್ಷಗಳಲ್ಲಿ ಇವರು ಬೆಳಗಿನ ಬಿಸಿಲಿನಲ್ಲಿ ನಿದ್ದೆ ಮಾಡುವುದನ್ನು ನಾನು ನೋಡಿದ್ದೇ ಇಲ್ಲ.

ಮೊಣಕೈ ಊರಿ, ಹೊರಳಿ, ಮಗುವಿನ ಹಾಗೆ ಅಂಬೆಗಾಲಿಟ್ಟು ಹೊರಗೆ ಬಂದೆ. ಏಳಲು ಇವರ ಕೈ ಬೇಕಿತ್ತು, ಕರೆಯಲಿಲ್ಲ. ನೆಲದ ಮೇಲೆಯೇ ಕಾಲು ಚಾಚಿ ಕೂತೆ. ದಂಡೆಯ ಮೇಲೆ ನಾಯಿಯ ಮುದುಕ ಮತ್ತೆ ಬರುತ್ತಿದ್ದ. ಮಾತಾಡಿಸಲು ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ತುಟಿಯ ಮೇಲೆ ಬೆರಳಿಟ್ಟು ಟೆಂಟಿನ ಕಡೆ ತೋರಿಸಿದೆ. ಅವನು ತಲೆಯಾಡಿಸಿದ. ಬಗ್ಗಿ ನಾಯಿಯ ಕೊರಳ ಪಟ್ಟಿ ಹಿಡಿದು, ನೀರಿನ ಅಂಚಿನವರೆಗೆ ಸುತ್ತು ಹಾಕಿ ಆಚೆ ಹೋದ.

ಟ್ರೇನಿನ ಹೊತ್ತು ಹತ್ತಿರವಾಯಿತು. ಗ್ಲಾಸ್ಗೋದಲ್ಲಿ ಗಣೇಶ ಪತ್ರೊಡೆಗೆ ಹಿಟ್ಟು ಹಚ್ಚುತ್ತಿದ್ದಿರಬೇಕು. ತಪ್ಪಿದರೆ ಮುಂದಿನ ಟ್ರೇನು ಸಂಜೆಗೆ, ಊಟವಂತೂ ತಪ್ಪಿದಂತೆಯೇ. ಟೆಂಟಿನ ಬಾಯಲ್ಲಿ ಬಿದ್ದಿದ್ದ ಇವರ ಕೋಟಿನ ಕಿಸೆಯಲ್ಲಿ ಫೋನು ಗುಂಯ್ ಎಂದಿತು. ಸೊಸೈಟಿಯ ಚೇರ್ಮನ್ನರು: ನೀರಿನ ಟಾಕಿ ತೊಳೆಸಲು ಸೆಕ್ರೆಟರಿಯವರ ಒಪ್ಪಿಗೆ ಬೇಕಂತೆ. ನಾನು ಫೋನನ್ನು ಆಫ್ ಮಾಡಿದೆ.

ಗುಡ್ಡದ ಆಚೆ ಟ್ರೇನು ಬಂದ ಸದ್ದು ಕೇಳಿಸಿತು. ನಿಂತದ್ದು ಕೇಳಿಸಿತು. ಆಮೇಲೆ ಹೊರಟುಹೋದದ್ದೂ ಕೇಳಿಸಿತು. ಇವರು ಒಮ್ಮೆ ಮಗ್ಗುಲು ಬದಲಿಸಿ, ಏನೋ ಗೊಣಗಿ, ಮತ್ತೆ ಗೊರಕೆ ಹೊಡೆದರು. ನಾನು ಎಬ್ಬಿಸಲಿಲ್ಲ.